ಊಟ ಬಲ್ಲವನು ಯಾರು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಇದರ ಉತ್ತರಾರ್ಧವನ್ನು ಇನ್ನೊಂದು ದಿನಕ್ಕೆ ಬಿಟ್ಟು, ಪೂರ್ವಾರ್ಧವನ್ನು ಮಾತ್ರ ಈ ಹೊತ್ತು ವಿಚಾರ ಮಾಡೋಣ. ಗಾದೆಯಲ್ಲಿರುವ ಶಬ್ದ ‘ತಿಳಿದವನು’ ಎಂದಲ್ಲ, ‘ಬಲ್ಲವನು’ ಎಂದು. ಈ ಎರಡಕ್ಕೂ ನಮ್ಮ ಭಾಷೆಯಲ್ಲಿ ಅಂತರವುಂಟು. ಈಜಿನ ವಿಷಯವಾಗಿ ಹತ್ತು ಪುಸ್ತಕಗಳನ್ನು ಓದಿದವನು ಈಜನ್ನು ತಿಳಿದವನು. ಕೆರೆಗೆ ಧುಮುಕಿ ಆಚೆಯ ದಡವನ್ನು ಸೇರುವವನೇ ಈಜಬಲ್ಲವನು. ‘ಬಲ್ಲ’ ಎಂಬ ಮಾತಿನಲ್ಲಿ ಅರಿವೂ ಉಂಟು, ಅರಿತುದನ್ನು ಮಾಡುವ ಶಕ್ತಿಯೂ ಉಂಟು.

ನಗರವಾಸಿಗಳಾದ ನಮಗೆ ಅರಿವಿನ ಕೊರತೆಯೇನೂ ಇಲ್ಲ. ಸೊಪ್ಪು ತರಕಾರಿ ಹಿತವೆಂಬುದನ್ನೂ, ಅತಿಯಾದ ಸಕ್ಕರೆ ಉಪ್ಪು ಎಣ್ಣೆಗಳು ಅಹಿತವೆಂಬುದನ್ನೂ, ಕುಳಿತೇ ಇರುವ ದೇಹ ಜಡವಾಗುವುದೆಂಬುದನ್ನೂ ಅರಿಯದ ವಿದ್ಯಾವಂತರು ವಿರಳ. ಆದರೂ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ವಯಸ್ಕರಲ್ಲಿ ಹಳ್ಳಿಗಳವರಿಗೆ ನೂರಕ್ಕೆ ಸುಮಾರು 9ರಂತೆ ಇದ್ದ ಈ ರೋಗ ಪಟ್ಟಣಗಳವರಿಗೆ ನೂರಕ್ಕೆ 16ರಂತೆ ಇದ್ದಿತು. ಹೆಚ್ಚು ಓದಿಕೊಂಡವರೂ, ವೈದ್ಯರಿಗೆ ಹತ್ತಿರವಿರುವವರೂ ಆದ ಪಟ್ಟಣಿಗರಲ್ಲಿಯೇ ರೋಗವೂ ಹೆಚ್ಚು! ತಿಳಿದವರು ನಾವು, ಬಲ್ಲವರಾಗಿಲ್ಲ.

ಈ ಅಂತರಕ್ಕೆ ಕಾರಣವೇನು? ಮನೋದಾರ್ಢ್ಯ ಸಾಲದು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಯುಗಾದಿಯ ದಿನ ಬೇವುಬೆಲ್ಲದೊಡನೆ ಒಂದು ಸಂಕಲ್ಪ. ಹದಿನೈದು ದಿನ ಮುಂಜಾನೆಯ ಓಟ, ರಾತ್ರಿಯ ಉಪವಾಸ. ಆಮೇಲೆ ಒಂದು ಮದುವೆ, ಒಂದು ನೆಗಡಿ, ಒಂದು ಮಳೆ. ಅಲ್ಲಿಗೆ ಸಂಕಲ್ಪ ಮುಗಿಯಿತು. ತರುವಾಯ ‘ನಮ್ಮ ಹಣೆಬರಹವೇ ಇಷ್ಟು’ ಎಂಬ ನಿಟ್ಟುಸಿರು. ಹೀಗೆ ತಮ್ಮನ್ನು ತಾವೇ ಹಳಿದುಕೊಳ್ಳುವ ಸಜ್ಜನರು ಬಹಳ ಮಂದಿ. ಅವರಿಗೆ ನಾವು ಹೇಳಬಯಸುವುದು ಇಷ್ಟೆ: ತಪ್ಪಿರುವುದು ಮನಸ್ಸಿನ ಬಲವಲ್ಲ, ಕೆಲಸದ ಕ್ರಮ.

ಅಭ್ಯಾಸವೆಂದರೆ ಏನು? ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಅಭ್ಯಾಸಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ದಿನನಿತ್ಯದ ಕೆಲಸಗಳು ಎಷ್ಟರಮಟ್ಟಿಗೆ ತಾವಾಗಿಯೇ ನಡೆಯುವುವೋ ಅಷ್ಟರಮಟ್ಟಿಗೆ ಮನಸ್ಸಿನ ಶಕ್ತಿ ಮೇಲಾದ ಕಾರ್ಯಗಳಿಗೆ ಉಳಿಯುವುದೆಂಬುದು ಅವನ ವಾದ. ಬೆಳಿಗ್ಗೆ ಎದ್ದು ಹಲ್ಲುಜ್ಜಬೇಕೆ ಬೇಡವೆ ಎಂದು ನಾವಾರೂ ಚರ್ಚಿಸುವುದಿಲ್ಲ. ಅಲ್ಲಿ ಸಂಕಲ್ಪಕ್ಕೆ ಕೆಲಸವೇ ಇಲ್ಲ. ಊಟ ವ್ಯಾಯಾಮಗಳನ್ನೂ ಈ ಹಲ್ಲುಜ್ಜುವ ಸ್ಥಿತಿಗೆ ತಂದುಬಿಟ್ಟರೆ ಅವು ನಿಂತವು. ನಿತ್ಯವೂ ಹೊಸದಾಗಿ ತೀರ್ಮಾನಿಸಬೇಕಾದ ವಿಷಯಗಳಾಗಿ ಉಳಿದರೆ ಎಂದಾದರೊಂದು ದಿನ ಬಿದ್ದೇ ಬೀಳುವುವು.

ಆ ಸ್ಥಿತಿ ಬರಲು ಎಷ್ಟು ಕಾಲ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರಗಳ ಕಾಲ ಪರೀಕ್ಷಿಸಿ, 2009ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ತಿನ್ನುವ, ಕುಡಿಯುವ ಅಥವಾ ದೇಹಶ್ರಮದ ಒಂದು ಹೊಸ ಕೆಲಸವನ್ನು ಒಬ್ಬೊಬ್ಬರೂ ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ, ಎಂದರೆ ಬೆಳಗಿನ ಉಪಾಹಾರವಾದ ಒಡನೆ ಎಂಬಂತೆ, ಮಾಡಬೇಕಾಗಿತ್ತು. ಕೆಲಸ ತಾನಾಗಿಯೇ ನಡೆಯುವಂತಾಗಲು ಹಿಡಿದ ಕಾಲದ ಮಧ್ಯಮ ಪ್ರಮಾಣ 66 ದಿನ. ಕೆಲವರಿಗೆ 18 ದಿನವೇ ಸಾಕಾಯಿತು. ಕೆಲವರಿಗೆ 254 ದಿನದವರೆಗೂ ಬೇಕಾಗಬಹುದೆಂದು ಲೆಕ್ಕದಿಂದ ತಿಳಿದುಬಂದಿತು. ಲೋಟ ನೀರು ಕುಡಿಯುವಂಥ ಸುಲಭದ ಅಭ್ಯಾಸ ಬೇಗ ಊರಿತು. ವ್ಯಾಯಾಮ ಹೆಚ್ಚು ಕಾಲವನ್ನು ಬೇಡಿತು. ಹದಿನೈದು ದಿನಕ್ಕೆ ಕೈಬಿಟ್ಟವರು ದುರ್ಬಲರೆನ್ನುವುದಕ್ಕಿಂತ, ಬಿತ್ತಿದ ಬೀಜ ಮೊಳೆಯುವ ಮುನ್ನವೇ ಮಣ್ಣನ್ನು ಕೆದಕಿದವರೆನ್ನುವುದು ಸರಿ.

ಇದರಿಂದ ನಾವು ಕಲಿಯಬೇಕಾದ ಮೊದಲನೆಯ ವಿಷಯ, ಹೊಸ ಅಭ್ಯಾಸಕ್ಕೆ ಒಂದು ಹಳೆಯ ಗೂಟ ಬೇಕು ಎಂಬುದು. ‘ಬಿಡುವಾದಾಗ ನಡೆಯುತ್ತೇನೆ’ ಎಂದವರಿಗೆ ಬಿಡುವಾಗುವುದೇ ಇಲ್ಲ. ‘ಸಂಜೆ ಕಚೇರಿಯಿಂದ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಒಡನೆ ಚಪ್ಪಲಿ ಮೆಟ್ಟುತ್ತೇನೆ’ ಎಂದವರ ನಡಿಗೆ ನಡೆಯುತ್ತದೆ. ಸ್ನಾನ, ಕಾಫಿ, ದೀಪ ಹಚ್ಚುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಇವೆಲ್ಲ ನಮ್ಮ ದಿನಚರಿಯಲ್ಲಿ ಆಗಲೇ ನೆಟ್ಟಿರುವ ಗೂಟಗಳು. ಕಟ್ಟುವ ಹಗ್ಗ ಮಾತ್ರ ಹೊಸದು.

ಎರಡನೆಯ ವಿಷಯ ಅಳತೆಯದು. ಇಲ್ಲಿ ನಮ್ಮ ಪ್ರಾಚೀನ ವೈದ್ಯರನ್ನೇ ಕೇಳಬೇಕು. ಅಹಿತವಾದುದಕ್ಕೆ ಒಗ್ಗಿಹೋದವನು ಅದನ್ನು ಒಂದೇ ಸಲ ಬಿಡಕೂಡದೆಂದೂ, ಕಾಲುಕಾಲು ಭಾಗವಾಗಿ ಬಿಡುತ್ತ, ಹಿತವಾದುದನ್ನು ಅದೇ ಕ್ರಮದಲ್ಲಿ ಹಿಡಿಯುತ್ತ ಹೋಗಬೇಕೆಂದೂ ಚರಕಸಂಹಿತೆಯ ಸೂತ್ರಸ್ಥಾನ ವಿಧಿಸುತ್ತದೆ. ಹೀಗೆ ಕ್ರಮದಿಂದ ಬಿಟ್ಟ ದೋಷ ಮರಳಿ ಬಾರದು, ಕ್ರಮದಿಂದ ಗಳಿಸಿದ ಗುಣ ಅಲುಗದು ಎಂಬುದು ಅಲ್ಲಿಯ ಅಭಿಪ್ರಾಯ. ವಾಗ್ಭಟನೂ ಈ ಪಾದಕ್ರಮವನ್ನೇ ಹೇಳಿದ್ದಾನೆ.

ಇದನ್ನು ನಮ್ಮ ಕಾಫಿಯ ಲೋಟಕ್ಕೆ ಅನ್ವಯಿಸಿ ನೋಡೋಣ. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೂ ಎರಡು ಸಣ್ಣ ಚಮಚ ಸಕ್ಕರೆ ಎಂದರೆ ಆರು ಚಮಚ, ಸುಮಾರು 24 ಗ್ರಾಂ. ನಿತ್ಯದ ಸಕ್ಕರೆ 50 ಗ್ರಾಂ ಮೀರಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯನ್ನು ಸಾಮಾನ್ಯ ವಯಸ್ಕರ ಲೆಕ್ಕಕ್ಕೆ ಇಳಿಸಿದರೆ ಬರುವ ಪ್ರಮಾಣ. ಸಿಹಿತಿಂಡಿ, ಬಿಸ್ಕತ್ತುಗಳನ್ನು ಮುಟ್ಟುವ ಮೊದಲೇ ಆ ಉತ್ತಮ ಮಿತಿಯನ್ನು ಕಾಫಿಯೊಂದೇ ಮುಗಿಸಿಬಿಟ್ಟಿತು. ನಾಳೆಯೇ ಸಕ್ಕರೆಯಿಲ್ಲದ ಕಾಫಿಗೆ ತೊಡಗಿದರೆ ನಾಲಗೆ ದಂಗೆಯೇಳುವುದು ಖಂಡಿತ. ಎರಡು ಚಮಚವನ್ನು ಒಂದೂವರೆ ಮಾಡಿ ಮೂರು ವಾರ ಬಿಟ್ಟರೆ ಅದೇ ರುಚಿಯಾಗುತ್ತದೆ. ಆಮೇಲೆ ಒಂದು, ಆಮೇಲೆ ಅರ್ಧ. ಉಪ್ಪಿನ ವಿಷಯವೂ ಹಾಗೆಯೇ. ಕೆಲವು ತಿಂಗಳು ಉಪ್ಪನ್ನು ಇಳಿಸಿ ಉಂಡವರಿಗೆ ಮೊದಲಿನ ಉಪ್ಪು ಅತಿಯೆನಿಸಿತೆಂಬುದು 1980ರ ದಶಕದಿಂದೀಚೆಗೆ ಪರೀಕ್ಷೆಗಳಿಂದ ಕಂಡಿರುವ ಸಂಗತಿ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚ, ಮಿತಿಯೆಂದು ವೈದ್ಯರು ಹೇಳುವಾಗ ನಮ್ಮ ದೇಶದವರು ಸರಾಸರಿ 8 ಗ್ರಾಂನಷ್ಟು ತಿನ್ನುತ್ತಿದ್ದೇವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ನಿತ್ಯದ ಎಲೆಯಿಂದ ಹಬ್ಬದ ಎಲೆಗೆ ಬಡ್ತಿ ಕೊಟ್ಟರೆ ಅವುಗಳ ಗೌರವವೂ ಹೆಚ್ಚೀತು!

ಊಟದ ವಿಷಯದಲ್ಲಿ ನಮ್ಮ ಕಡೆಯ ಮುಖ್ಯ ದೋಷ ಅನ್ನದ ಸುತ್ತುಗಳದು. ಹುಳಿಗೊಂದು ಸುತ್ತು, ಸಾರಿಗೊಂದು, ಮೊಸರಿಗೊಂದು; ಪಲ್ಯ ಮಾತ್ರ ಎಲೆಯ ಮೂಲೆಯಲ್ಲಿ ಶಾಸ್ತ್ರಕ್ಕೆ. ಒಟ್ಟು ಆಹಾರಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಸೂಚಿಸಿತು. ವಾಸ್ತವದಲ್ಲಿ ಅದು 50ರಿಂದ 70ರವರೆಗೂ ಇದೆ. ಇಲ್ಲಿಯೂ ಪಾದಕ್ರಮವೇ ಲೇಸು. ಪಲ್ಯ ಕೋಸಂಬರಿಗಳನ್ನು ಮೊದಲು, ಧಾರಾಳವಾಗಿ ಬಡಿಸಿ, ಅನ್ನವನ್ನು ಕಾಲುಭಾಗ ಇಳಿಸುವುದು. ವಾರದಲ್ಲಿ ಕೆಲವು ದಿನ ಅಕ್ಕಿಯ ಸ್ಥಾನದಲ್ಲಿ ರಾಗಿಯನ್ನು ತರುವುದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದ ಅಂಶವುಂಟು. ಬಿಳಿಯ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಆದರೆ ರಾಗಿಯೂ ಪಿಷ್ಟಪದಾರ್ಥವೇ ಎಂಬುದನ್ನು ಮರೆಯಲಾಗದು. ಗದ್ದೆಯಲ್ಲಿ ಉಳುವವರ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂರುವವರಿಗೆ ಸಲ್ಲದು.

ವ್ಯಾಯಾಮದ ಮಾತಿಗೆ ಬರೋಣ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಒಂದು ಪ್ರಸಿದ್ಧ ಶೋಧನೆಯನ್ನು ಪ್ರಕಟಿಸಿದರು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಇದ್ದಿತು. ಚಾಲಕರು ಮೊದಲಿನಿಂದಲೂ ಕೊಂಚ ಸ್ಥೂಲಕಾಯರಾಗಿದ್ದಿರಬಹುದೆಂಬ ಆಕ್ಷೇಪಕ್ಕೆ ಸ್ವಲ್ಪ ಆಧಾರವಿದೆಯೆಂಬುದನ್ನು ಮಾರಿಸರೇ 1956ರಲ್ಲಿ ಅವರ ಸಮವಸ್ತ್ರಗಳ ಅಳತೆಯಿಂದ ತೋರಿಸಿದರು. ಆದರೂ ದೇಹಶ್ರಮ ಹೃದಯವನ್ನು ಕಾಯುವುದೆಂಬ ಮೂಲ ತೀರ್ಮಾನ ಮುಂದಿನ ಅಧ್ಯಯನಗಳಿಂದ ಗಟ್ಟಿಯಾಗುತ್ತಲೇ ಬಂದಿದೆ. ನಮಗೆ ಇಲ್ಲಿ ಗಮನಾರ್ಹವಾದುದು ಬೇರೊಂದು: ಆ ನಿರ್ವಾಹಕರು ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ. ಮೆಟ್ಟಿಲು ಅವರ ದಾರಿಯಲ್ಲಿಯೇ ಇದ್ದಿತು. ವ್ಯಾಯಾಮ ನಮ್ಮ ದಾರಿಗೆ ಬರುವಂತೆ ಮಾಡಿಕೊಳ್ಳುವುದೇ ಜಾಣತನ. ಒಂದು ನಿಲ್ದಾಣ ಮುಂಚೆ ಇಳಿದು ನಡೆಯುವುದು, ಮಹಡಿಗೆ ಕಾಲಿನಿಂದಲೇ ಹತ್ತುವುದು, ತರಕಾರಿಯನ್ನು ದೂರದ ಮಾರುಕಟ್ಟೆಯಿಂದ ನಡೆದು ತರುವುದು, ಇವೆಲ್ಲ ಆ ಮೆಟ್ಟಿಲುಗಳೇ.

ಪ್ರಮಾಣ ಎಷ್ಟು? ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಅದರೊಡನೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಐದು ದಿನ ಅರ್ಧ ಗಂಟೆಯ ಬಿರುನಡಿಗೆ, ಎರಡು ದಿನ ನಮ್ಮ ಗರಡಿಗಳ ದಂಡ ಬಸ್ಕಿಗಳು, ಇಷ್ಟಾದರೆ ಲೆಕ್ಕ ಸರಿಹೋಯಿತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆಗೆ ಹೆದರಬೇಕಾದುದಿಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹರಡಿದ ಸಂಖ್ಯೆ ಅದು. ಅದಕ್ಕಿಂತ ಕಡಿಮೆ ನಡೆದವರಿಗೂ ಫಲ ಉಂಟು. ತೀರ ಹೊಸಬರು ಹತ್ತು ನಿಮಿಷದಿಂದ ತೊಡಗಲಿ. ಬಲವಂತನಾದರೂ ಅರ್ಧಶಕ್ತಿಗೆ ಮೀರಿ ವ್ಯಾಯಾಮ ಮಾಡಬಾರದೆಂದು ಅಷ್ಟಾಂಗಹೃದಯ ಹೇಳುವುದು ಮರುದಿನದ ವ್ಯಾಯಾಮದ ದೃಷ್ಟಿಯಿಂದಲೂ ಸಾರ್ಥಕವಾದ ಮಾತು. ಹೃದ್ರೋಗವಿರುವವರೂ, ಮಧುಮೇಹಕ್ಕೆ ಔಷಧಿ ಸೇವಿಸುವವರೂ ವೈದ್ಯರನ್ನು ಕೇಳಿಯೇ ಊಟ ವ್ಯಾಯಾಮಗಳನ್ನು ಬದಲಾಯಿಸತಕ್ಕದ್ದು.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಭ್ಯಾಸ ಒಬ್ಬನದಾದರೂ ಅಡುಗೆಮನೆ ಎಲ್ಲರದು. ಯಜಮಾನರು ಪಥ್ಯ ಹಿಡಿದರೆ ಗೃಹಿಣಿ ಎರಡು ಬಗೆಯ ಅಡುಗೆ ಮಾಡಬೇಕು. ಅವರು ಸಂಜೆ ವಾಯುಸೇವನೆಗೆ ಹೋದರೆ ಆಕೆ ಒಲೆಯ ಮುಂದೆ ನಿಲ್ಲಬೇಕು. ಆಕೆಯ ರಕ್ತದೊತ್ತಡವನ್ನು ಅಳೆದವರು ಯಾರು? ಮನೆಗೆಲಸವೇ ಆಕೆಗೆ ವ್ಯಾಯಾಮವೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಒಬ್ಬರ ಬೆವರಿನ ಮೇಲೆ ಇನ್ನೊಬ್ಬರ ಆರೋಗ್ಯವನ್ನು ಕಟ್ಟಿದರೆ ಆ ಕಟ್ಟಡ ಬಹುಕಾಲ ನಿಲ್ಲದು. ಮನೆಗೆಲ್ಲ ಒಂದೇ ಅಡುಗೆ ಇರಲಿ. ತರಕಾರಿ ಹೆಚ್ಚುವುದಕ್ಕೆ ಗಂಡಸರೂ ಮಕ್ಕಳೂ ಕೂರಲಿ. ಆ ಅರ್ಧ ಗಂಟೆ ಉಳಿದರೆ ಇಬ್ಬರೂ ಕೂಡಿ ನಡೆದು ಬರಬಹುದು. ಜೊತೆಗಾರರಿದ್ದ ನಡಿಗೆ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಕೈಗೆ ಸಿಕ್ಕುವುದು ಬಾಯಿಗೆ ಹೋಗುವುದು ಮನುಷ್ಯಸ್ವಭಾವವಾದುದರಿಂದ, ಚಕ್ಕುಲಿ ಕೋಡುಬಳೆಗಳ ಡಬ್ಬ ಅಟ್ಟದ ಮೇಲಿರಲಿ, ಬಾಳೆಯ ಹಣ್ಣು ಮೇಜಿನ ಮೇಲಿರಲಿ.

ಕಡೆಯದಾಗಿ, ತಪ್ಪುವ ದಿನಗಳ ಮಾತು. ಹಬ್ಬ ಬರುತ್ತದೆ, ನೆಂಟರು ಬರುತ್ತಾರೆ, ಮೈಸೂರುಪಾಕು ಎಲೆಗೆ ಬೀಳುತ್ತದೆ. ಬೇಡವೆಂದು ಮುಖ ಸಿಂಡರಿಸುವುದೂ ಬೇಡ, ತಿಂದ ಪಾಪಕ್ಕೆ ಮರುದಿನ ಉಪವಾಸದ ಪ್ರಾಯಶ್ಚಿತ್ತವೂ ಬೇಡ. ಹಿಂದೆ ಹೇಳಿದ ಲಂಡನ್ನಿನ ಪರೀಕ್ಷೆಯಲ್ಲಿ ಒಂದು ದಿನ ತಪ್ಪಿದುದರಿಂದ ಅಭ್ಯಾಸದ ಬೆಳವಣಿಗೆಗೆ ಗಣನೀಯವಾದ ಭಂಗ ಬರಲಿಲ್ಲ. ತಪ್ಪಿದ ದಿನ ಅಪಾಯಕಾರಿಯಲ್ಲ. ‘ಹೇಗೂ ತಪ್ಪಿತಲ್ಲ’ ಎಂದು ಅದರ ಬೆನ್ನಿಗೆ ಬರುವ ಎರಡನೆಯ ದಿನ ಅಪಾಯಕಾರಿ. ಆ ಎರಡನೆಯ ದಿನ ಮಳೆಯಿದ್ದರೆ ಹಜಾರದಲ್ಲಿಯೇ ಹತ್ತು ನಿಮಿಷ ಅಡ್ಡಾಡಿದರೂ ಸಾಕು, ಗೂಟಕ್ಕೆ ಕಟ್ಟಿದ ಹಗ್ಗ ಬಿಚ್ಚುವುದಿಲ್ಲ.

ಕೇಳಿದ ಮಹನೀಯರೂ ಮಹಿಳೆಯರೂ ಇವೆಲ್ಲವನ್ನೂ ನಾಳೆಯೇ ಆರಂಭಿಸಬೇಕೆಂದು ನಮ್ಮ ಕೋರಿಕೆಯಲ್ಲ. ಹಾಗೆ ಮಾಡಿದರೆ ಇಷ್ಟು ಹೊತ್ತು ಆಡಿದ ಮಾತೇ ವ್ಯರ್ಥ. ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಅದನ್ನೊಂದು ಗೂಟಕ್ಕೆ ಕಟ್ಟಬೇಕು, ಎರಡು ಮೂರು ತಿಂಗಳು ಅದಕ್ಕೆ ಅವಕಾಶ ಕೊಡಬೇಕು. ಅದು ಹಲ್ಲುಜ್ಜುವಷ್ಟು ಸಹಜವಾದಮೇಲೆ ಎರಡನೆಯದು. ಮೊದಲನೆಯದು ಯಾವುದೆಂಬುದನ್ನು ನಾಳೆ ಬೆಳಗಿನ ಕಾಫಿಗೆ ಸಕ್ಕರೆ ಹಾಕುವ ಮುನ್ನ ಮನೆಯವರೆಲ್ಲ ಕೂಡಿ ತೀರ್ಮಾನಿಸಿದರೆ ಲೇಸು.