ಮನೆತನದ ಕಂಪೆನಿಯೂ ಪರರ ಹಣವೂ

ತಂದೆಯು ಸ್ವಂತ ಹಣದಿಂದ ತೆರೆದ ಅಂಗಡಿಯ ಲೆಕ್ಕವನ್ನು ಮನೆಯವರಲ್ಲದೆ ಮತ್ತಾರೂ ಕೇಳತಕ್ಕುದಿಲ್ಲ. ಆದರೆ ಅದೇ ಅಂಗಡಿಯು ಕಂಪೆನಿಯಾಗಿ, ಜನರಿಗೆ ಷೇರುಗಳನ್ನು ಮಾರಿದ ದಿವಸದಿಂದ ಅದರ ಧರ್ಮವೇ ಬೇರೆಯಾಗುವುದು. ಅಂದಿನಿಂದ ಯಜಮಾನನು ಕೇವಲ ಒಡೆಯನಲ್ಲ, ಪರರ ಧನಕ್ಕೆ ಪಾಲಕನೂ ಹೌದು. ನಂಬಿ ಒಪ್ಪಿಸಿದ ಇಂತಹ ದ್ರವ್ಯವನ್ನು ನಮ್ಮ ಧರ್ಮಶಾಸ್ತ್ರವು ‘ನಿಕ್ಷೇಪ’ವೆಂದು ಕರೆದು, ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದೆ.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯೇ ನಿದರ್ಶನ. 1987ರಲ್ಲಿ ಹುಟ್ಟಿದ ಈ ಕಂಪೆನಿಗೆ ರಾಮಲಿಂಗರಾಜು ಅವರು ಅಧ್ಯಕ್ಷರು. ಅವರ ಸಹೋದರರು ವ್ಯವಸ್ಥಾಪಕ ನಿರ್ದೇಶಕರು. 2008ರ ಕೊನೆಗೆ ಕುಟುಂಬದ ಪಾಲು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆಯಾಗಿದ್ದಿತು. ಅಧಿಕಾರವು ಮಾತ್ರ ಮನೆಯವರ ಕೈಯಲ್ಲಿಯೇ ಉಳಿದಿದ್ದಿತು. ಆ ವರ್ಷದ ಡಿಸೆಂಬರ್ 16ರಂದು, ಅದೇ ಕುಟುಂಬದ ಹಿಡಿತದಲ್ಲಿದ್ದ ಮೇಟಾಸ್ ಎಂಬ ಹೆಸರಿನ ಎರಡು ಕಂಪೆನಿಗಳನ್ನು ಸುಮಾರು 160 ಕೋಟಿ ಡಾಲರುಗಳಿಗೆ ಕೊಳ್ಳಲು ನಿರ್ದೇಶಕ ಮಂಡಲಿಯು ಒಪ್ಪಿತು. ‘ಸತ್ಯಂ’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದರೆ ‘ಮೇಟಾಸ್’ ಆಗುವುದು! ಮಂಡಲಿಯಲ್ಲಿ ಹೊರಗಿನ ವಿದ್ವಾಂಸರಿದ್ದರೂ ಅವರು ತಡೆಯಲಿಲ್ಲ, ತಡೆದವರು ಷೇರುದಾರರು. ಅವರ ಆಕ್ರೋಶಕ್ಕೆ ಬೆದರಿ ಕೆಲವೇ ಗಂಟೆಗಳಲ್ಲಿ ನಿರ್ಣಯವನ್ನು ಹಿಂತೆಗೆದುಕೊಳ್ಳಬೇಕಾಯಿತು.

2009ರ ಜನವರಿ 7ರಂದು ರಾಜು ಅವರೇ ತಪ್ಪೊಪ್ಪಿಗೆಯ ಪತ್ರವನ್ನು ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದಿನ ಪೈಕಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಆ ಖರೀದಿಯು ಇಲ್ಲದ ಆಸ್ತಿಯ ಸ್ಥಳದಲ್ಲಿ ಇರುವ ಆಸ್ತಿಯನ್ನು ತುಂಬುವ ಕಡೆಯ ಯತ್ನವಾಗಿದ್ದಿತು! ಷೇರಿನ ಬೆಲೆಯು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಕುಸಿಯಿತು. ಉತ್ತಮ ಆಡಳಿತಕ್ಕಾಗಿ ಕೆಲವು ತಿಂಗಳ ಹಿಂದಷ್ಟೇ ಪಾರಿತೋಷಕವನ್ನು ಪಡೆದಿದ್ದ ಸಂಸ್ಥೆಯಿದು! ಸರ್ಕಾರವು ಹಳೆಯ ಮಂಡಲಿಯನ್ನು ತೆಗೆದು ಹೊಸಬರನ್ನು ನೇಮಿಸಿತು. ಏಪ್ರಿಲಿನಲ್ಲಿ ಟೆಕ್ ಮಹೀಂದ್ರವು ಕೊಳ್ಳಲು ಮುಂದೆ ಬಂದುದರಿಂದ ಸಹಸ್ರಾರು ನೌಕರರ ಜೀವನೋಪಾಯವು ಉಳಿಯಿತು.

ತರುವಾಯ ಬಂದ 2013ರ ಕಂಪೆನಿ ಕಾಯಿದೆಯು ಕಟ್ಟುಪಾಡುಗಳನ್ನು ಬಿಗಿಗೊಳಿಸಿತು. ಷೇರುಪೇಟೆಯಲ್ಲಿರುವ ಕಂಪೆನಿಯ ಮಂಡಲಿಯಲ್ಲಿ ಮೂರರಲ್ಲೊಂದು ಪಾಲಾದರೂ ಸ್ವತಂತ್ರ ನಿರ್ದೇಶಕರಿರಬೇಕು. ಸಂಬಂಧಿಗಳೊಡನೆ ನಡೆಸುವ ದೊಡ್ಡ ವ್ಯವಹಾರಕ್ಕೆ ಷೇರುದಾರರ ಸಮ್ಮತಿ ಬೇಕು. ಆಗ ಸಂಬಂಧಪಟ್ಟವರು ಮತ ಕೊಡುವಂತಿಲ್ಲ.

ಆದರೆ ಕೇಳುವವರಿಲ್ಲದೆ ಕಾಯಿದೆಯು ತಾನಾಗಿ ಮಾತಾಡದು. ಷೇರುಗಳಲ್ಲಿ ಹಣವಿಟ್ಟ ಗೃಹಸ್ಥರು ವಾರ್ಷಿಕ ವರದಿಯ ಚಿತ್ರಗಳನ್ನು ನೋಡಿ ತೃಪ್ತರಾಗದೆ, ಸಂಬಂಧಿಗಳೊಡನೆ ನಡೆದ ವ್ಯವಹಾರದ ಪಟ್ಟಿಯನ್ನು ಮೊದಲು ಓದಬೇಕು. ವ್ಯಾಪಾರಸ್ಥ ಕುಟುಂಬಗಳವರು ಮನೆಯ ಗಂಟನ್ನೂ ಕಂಪೆನಿಯ ಗಂಟನ್ನೂ ಬೆರಸದಿರಬೇಕು. ಕೀರ್ತಿಯು ಹೆಸರಿನಲ್ಲಿಲ್ಲ, ಲೆಕ್ಕದಲ್ಲಿದೆ.