ತೂಕ ಇಳಿಸಿದ ಮೇಲೆ ಹಸಿವು ಹೆಚ್ಚುವುದೇಕೆ?

ಪ್ರಶ್ನೆ: ಪಥ್ಯ ಮಾಡಿ ತೂಕ ಇಳಿಸಿದೆ. ಈಗ ಮೊದಲಿಗಿಂತ ಹೆಚ್ಚು ಹಸಿವಾಗುತ್ತಿದೆ. ಇದು ನನ್ನ ಮನೋದೌರ್ಬಲ್ಯವೇ?

ಉತ್ತರ: ಖಂಡಿತ ಅಲ್ಲ. ದಯವಿಟ್ಟು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಹೊಟ್ಟೆ ಬರಿದಾದಾಗ ಜಠರ ಗ್ರೆಲಿನ್ ಎಂಬ ಹಾರ್ಮೋನನ್ನು ಸ್ರವಿಸಿ ಮೆದುಳಿನಲ್ಲಿ ಹಸಿವೆಬ್ಬಿಸುತ್ತದೆ. 1999ರಲ್ಲಿ ಇದನ್ನು ಪತ್ತೆಹಚ್ಚಿದವರು ಜಪಾನಿನ ಕೊಜಿಮಾ ಮತ್ತು ಕಂಗಾವಾ. ಉಂಡದ್ದು ಕರುಳಿಗೆ ಇಳಿದಂತೆ ಜಿಎಲ್‌ಪಿ-1, ಪಿವೈವೈ ಹಾರ್ಮೋನುಗಳು ಹೊರಬಂದು ಸಾಕೆನಿಸುತ್ತವೆ. ಮೇದೋಜೀರಕ ಗ್ರಂಥಿಯೂ ಇನ್ಸುಲಿನ್ ಜೊತೆಗೇ ಅಮೈಲಿನ್ ಬಿಡುಗಡೆ ಮಾಡಿ, ಜಠರ ಬೇಗ ಖಾಲಿಯಾಗದಂತೆ ತಡೆಯುತ್ತದೆ.

ತೂಕ ಇಳಿದಾಗ ಈ ಲೆಕ್ಕವೆಲ್ಲ ಏರುಪೇರಾಗುತ್ತದೆ. ಕೊಬ್ಬು ಕರಗಿದಂತೆ ಅದು ಸ್ರವಿಸುವ ಲೆಪ್ಟಿನ್ ಕುಸಿಯುತ್ತದೆ. ದೇಹ ಅದನ್ನು ಬರಗಾಲವೆಂದೇ ಭಾವಿಸುತ್ತದೆ. ಮೆಲ್ಬರ್ನ್‌ನ ಸಂಶೋಧಕರು 10 ವಾರ ಕಠಿಣ ಪಥ್ಯ ಮಾಡಿದವರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ವರದಿ ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. ತೂಕ ಇಳಿಸಿ ಒಂದು ವರ್ಷ ಕಳೆದರೂ ಅವರಲ್ಲಿ ಗ್ರೆಲಿನ್ ಏರಿಯೇ ಇತ್ತು, ಪಿವೈವೈ ಇಳಿದೇ ಇತ್ತು, ಹಸಿವೂ ಹೆಚ್ಚೇ ಇತ್ತು.

ಈಗ ಹೆಸರು ಮಾಡಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಜಿಎಲ್‌ಪಿ-1ರ ಅನುಕರಣೆ. ನಮ್ಮ ದೇಹದ ಜಿಎಲ್‌ಪಿ-1 ಎರಡು ನಿಮಿಷಗಳಲ್ಲೇ ಅರ್ಧಕ್ಕಿಳಿದರೆ, ಈ ಔಷಧಿ ಅಷ್ಟು ಇಳಿಯಲು ಸುಮಾರು ಒಂದು ವಾರ ಬೇಕು. ಆದರೆ ನಿಲ್ಲಿಸಿದವರಲ್ಲಿ ಹಸಿವು ಮರಳಿ, ಇಳಿದ ತೂಕದ ಬಹುಭಾಗ ಮತ್ತೆ ಏರುವುದು ಸಾಮಾನ್ಯ. ಹಾಗಾಗಿ ಆರಂಭಿಸುವ ಮುನ್ನವೇ ಎಷ್ಟು ಕಾಲ ಬೇಕಾದೀತೆಂದು ವೈದ್ಯರನ್ನು ಕೇಳಿ.