ಬಿಸಿನೀರಿನ ಅಪಸ್ಮಾರ: ಅನುಭವ ಮತ್ತು ಅರ್ಥ

ಅಪಸ್ಮಾರವೆಂದೊಡನೆ ಜನರ ಕಣ್ಣೆದುರು ನಿಲ್ಲುವುದು ಕೈಕಾಲುಗಳ ಸೆಳೆತ, ಬಾಯಿಯ ನೊರೆ, ಎಚ್ಚರದಪ್ಪುವಿಕೆ. ಆದರೆ ಅನೇಕರಲ್ಲಿ ಅದು ಮೊದಲು ತಲೆದೋರುವುದು ಅನುಭವದ ರೂಪದಲ್ಲಿ. ಹೊಟ್ಟೆಯಿಂದ ಎದೆಗೆ ಏನೋ ಏರಿಬಂದಂತಾಗುವುದು, ಇಲ್ಲದ ವಾಸನೆ ಮೂಗಿಗೆ ಬಡಿಯುವುದು, ಹೊಸ ಸ್ಥಳವು ಹಿಂದೆಯೇ ಕಂಡದ್ದೆನಿಸುವುದು, ತನ್ನ ಕೈಯೇ ಹಿರಿದಾದಂತೆ ತೋರುವುದು. ಇವೆಲ್ಲವೂ ಮಿದುಳಿನ ಒಂದು ಭಾಗದ ನರಕೋಶಗಳು ಒಮ್ಮೆಲೇ ಅತಿಯಾಗಿ ಉದ್ರೇಕಗೊಳ್ಳುವುದರ ಫಲ. ಇಲ್ಲದ ಶಬ್ದವನ್ನು ಕೇಳುವುದನ್ನು ಚರಕಸಂಹಿತೆಯು ಈ ರೋಗದ ಪೂರ್ವರೂಪಗಳಲ್ಲಿ ಎಣಿಸಿದೆ.

ಕನ್ನಡನಾಡಿಗೂ ಈ ವಿಷಯಕ್ಕೂ ವಿಶೇಷ ಸಂಬಂಧವುಂಟು. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಅಪಸ್ಮಾರವು 1945ರಲ್ಲಿ ನ್ಯೂಜಿಲೆಂಡಿನಿಂದ ವರದಿಯಾಯಿತಾದರೂ, ಹೆಚ್ಚಾಗಿ ಕಂಡುಬಂದುದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದ ದಕ್ಷಿಣ ಭಾಗದಲ್ಲಿ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ವಿವರಿಸಿದರು. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದ ನೀರನ್ನು ತಂಬಿಗೆಯಿಂದ ಬೇಗಬೇಗನೆ ತಲೆಗೆ ಸುರಿದುಕೊಳ್ಳುವ ರೂಢಿಯೇ ಇಲ್ಲಿ ಪ್ರಚೋದಕ. ಆಗ ದೃಷ್ಟಿ ಮಂಕಾಗಿ ಮಾತು ತೊದಲಬಹುದು. ಕೆಲವರಿಗಾದರೋ ಆ ಗಳಿಗೆಯಲ್ಲಿ ಸುಖಾನುಭವವಾಗಿ, ಅವರು ಇನ್ನಷ್ಟು ನೀರನ್ನು ಹುಯ್ದುಕೊಳ್ಳುತ್ತಾರೆ. ನೋಡುವವರು ಇದನ್ನು ಹಟವೆಂದೋ ಗಾಳಿಸೋಂಕೆಂದೋ ತಿಳಿದರೆ ರೋಗಿಗೆ ಅನ್ಯಾಯವಾಗುತ್ತದೆ.

ನಾಡು ಬಿಟ್ಟು ಬಂದವರೊಡನೆ ಅಭ್ಯಂಜನದ ರೂಢಿಯೂ ಬರುತ್ತದೆ. ತಳೇಗಾಂವ ದಾಭಾಡೆಯಲ್ಲಿ 1995ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾದುದರಿಂದ ವೈದ್ಯರು ದೂರವಿಲ್ಲ. ಆದರೆ ನೀರಿನ ಶಾಖ, ಹುಯ್ದುಕೊಂಡ ರೀತಿ, ಮೊದಲು ಆದ ಅನುಭವ ಇವನ್ನು ರೋಗಿಯೇ ಹೇಳಬೇಕು. ಮರಾಠಿಯ ‘ಫಿಟ್ ಆಲೀ’ ಎಂಬ ಎರಡು ಮಾತಿನಲ್ಲಿ ಇದೆಲ್ಲ ಅಡಗಿಹೋಗುತ್ತದೆ. ಮನೆಯವರು ಕಂಡುದನ್ನು ಬರೆದಿಟ್ಟುಕೊಂಡು ಹೋಗುವುದು ಲೇಸು.

ಮುಚ್ಚಿಡುವುದಕ್ಕೆ ಮುಖ್ಯ ಕಾರಣ ವಿವಾಹದ ಚಿಂತೆ. 1976ರ ತಿದ್ದುಪಡಿಯು ಪದೇಪದೇ ಬರುವ ಅಪಸ್ಮಾರವನ್ನು ಹಿಂದೂ ವಿವಾಹಕ್ಕೆ ಅಡ್ಡಿಯಾಗಿ ಸೇರಿಸಿತ್ತು. 1999ರಲ್ಲಿ ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಲಾಯಿತು. ಕಾಯಿದೆ ಬಿಟ್ಟುದನ್ನು ಸಮಾಜವು ಇನ್ನೂ ಹಿಡಿದುಕೊಂಡಿರಬೇಕಾದ ಕಾರಣವಿಲ್ಲ.

ಉಪಾಯವು ಸರಳವಾದುದು. ನೀರು ಉಗುರುಬೆಚ್ಚಗಿರಲಿ, ತಲೆಗೆ ಒಮ್ಮೆಲೇ ಸುರಿಯದಿರಲಿ, ಬಚ್ಚಲುಮನೆಯ ಅಗುಳಿ ಹಾಕದಿರಲಿ. ಇಷ್ಟರಿಂದ ನಿಲ್ಲದಿದ್ದರೆ, ಸ್ನಾನಕ್ಕೆ ಮುಂಚೆ ಸೇವಿಸುವ ಕ್ಲೋಬಜಾಮ್ ಎಂಬ ಔಷಧವನ್ನು ವೈದ್ಯರು ಸೂಚಿಸುವುದುಂಟು. ಸೆಳೆತ ಬಂದಾಗ ಕಬ್ಬಿಣವನ್ನು ಕೈಗೆ ಕೊಡುವುದರಿಂದ ಪ್ರಯೋಜನವಿಲ್ಲ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಕಾಯುವುದೇ ಸರಿಯಾದ ಆರೈಕೆ. ಸೆಳೆತವು ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.